ಮಂಗಳವಾರದ ಕಡಲು

ಮಂಗಳವಾರ ನಮ್ಮ ಊರು ಎನ್ಸುವಾನೊದಲ್ಲಿ ಯಾರೂ ಕಡಲಿಗಿಳಿಯುವುದಿಲ್ಲ. ಅಂದು ಕಡಲು ತನ್ನ ಮನೆ ಗುಡಿಸಿಕೊಳ್ಳುತ್ತದೆ, ಹೊರಗಿನವರು ಕಾಲಿಡಬಾರದು ಎನ್ನುತ್ತಾರೆ ಹಿರಿಯರು. ದೋಣಿಗಳು ಮರಳಿನ ಮೇಲೆ ಮಗ್ಗುಲಾಗಿ ಮಲಗಿರುತ್ತವೆ. ಗಂಡಸರು ತೆಂಗಿನ ನೆರಳಲ್ಲಿ ಬಲೆ ಹರಡಿಕೊಂಡು ಹರಿದದ್ದನ್ನು ಹೆಣೆಯುತ್ತಾ ಹರಟುತ್ತಾರೆ. ಉಳಿದ ದಿನವೆಲ್ಲ ದಡದಲ್ಲೇ ಇರುತ್ತಿದ್ದ ಎಬೊ ಟಾಂಡೊ ಆ ಒಂದು ದಿನ ಮಾತ್ರ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದ. ಅವನು ಹುಟ್ಟಿದ್ದೂ ಮಂಗಳವಾರವೇ, ಹುಟ್ಟಿದ ವಾರಕ್ಕೆ ತಕ್ಕ ಹೆಸರಿಡುವ ನಮ್ಮಲ್ಲಿ ಅದನ್ನು ಅವನ ಹೆಸರೇ ಹೇಳುತ್ತದೆ. ಹಾಗಾಗಿ ಮುದುಕನಿಗೆ ಕಡಲ ಮೇಲೆ ಭಕ್ತಿ ಹೆಚ್ಚು ಎಂದುಕೊಂಡು ನಾವು ಸುಮ್ಮನಿದ್ದೆವು.

ಬಿಳಿಯರ ಕಾಲದಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದವನು, ನಮ್ಮ ಬಾವುಟ ಹಾರುವ ಹೊತ್ತಿಗೆ ನಿವೃತ್ತನಾಗಿ ಊರಿಗೆ ಮರಳಿದ್ದ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮಧ್ಯಾಹ್ನದ ಊಟ ಶಾಲೆಯೆದುರಿನ ಬೇವಿನ ಮರದಡಿ, ಅಬಾ ಅಮಿಸ್ಸಾಳ ಅಂಗಡಿಯಲ್ಲಿ. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಬಾಳೆಯ ಒಣಗಿದ ಎಲೆಯಲ್ಲಿ ಕಟ್ಟಿ ಬೇಯಿಸಿದ ಕೆಂಕೆ, ಜತೆಗೆ ಹಸಿಮೆಣಸಿನ ಗೊಜ್ಜು, ಕರಿದ ಮೀನು. ಆಕೆ ಅವನಿಗೆ ಯಾವಾಗಲೂ ಒಂದು ಮೀನು ಹೆಚ್ಚು ಹಾಕುತ್ತಿದ್ದಳು.

"ಗೌರ್ಮೆಂಟು ಪಿಂಚಣಿ ಕೊಡುತ್ತೆ ನಾನಾ, ಮೀನು ಕರ್ದು ಕೊಡಲ್ಲ. ತಿನ್ನಿ" ಎನ್ನುತ್ತಿದ್ದಳು. ಹಿರಿಯರನ್ನು ನಾವು ನಾನಾ ಎಂದೇ ಕರೆಯುವುದು.

ಅವನು ತಲೆಯೆತ್ತದೆ ತಿನ್ನುತ್ತಿದ್ದ. ತಲೆಯೆತ್ತಿದರೆ ಆಕೆ ಉಟ್ಟ ಬಟ್ಟೆ ಕಾಣುತ್ತಿತ್ತು, ಒಣಗಿದ ರಕ್ತದಂಥ ಬಣ್ಣದ ಸೂತಕದ ಬಟ್ಟೆ. ಬೇರೆ ಬಣ್ಣ ಉಟ್ಟದ್ದನ್ನು ನನ್ನ ವಯಸ್ಸಿನವರು ಯಾರೂ ನೋಡಿರಲಿಲ್ಲ. ಅಣ್ಣನ ಸಾವಿನ ಕರ್ಮ ಮುಗಿಯದೆ ಸೂತಕ ಬಿಡುವ ಹಾಗಿರಲಿಲ್ಲ. ಹೆಣವಿಲ್ಲದೆ ಕರ್ಮ ಮಾಡುವ ಹಾಗಿರಲಿಲ್ಲ.

ಅಣ್ಣನ ಹೆಸರು ಕೋಬಿನಾ. ಅವನೂ ಮಂಗಳವಾರದವನು, ಎಬೊನ ಓರಗೆಯವನು, ಒಂದೇ ಓಣಿಯಲ್ಲಿ ಬೆಳೆದವನು. ಆಗ ನಮ್ಮಲ್ಲಿ ಬಂದರುಕಟ್ಟೆ ಇರಲಿಲ್ಲ. ಹಡಗುಗಳು ದೂರದಲ್ಲೇ ನಿಲ್ಲುತ್ತಿದ್ದವು. ಕೋಕೋ ಮೂಟೆಗಳನ್ನು ದೋಣಿಗೆ ಹೇರಿ, ಮೇಲೇಳುವ ಅಲೆಗಳನ್ನು ಸೀಳಿಕೊಂಡು ಅಲ್ಲಿಗೆ ಮುಟ್ಟಿಸಬೇಕಿತ್ತು. ಆ ಅಲೆಗಳು ಪ್ರತಿ ವರ್ಷ ಒಬ್ಬಿಬ್ಬರನ್ನು ತಿನ್ನುತ್ತಿದ್ದವು. ಸತ್ತವರ ಮನೆಗೆ ಕಂಪನಿ ಏನೂ ಕೊಡುತ್ತಿರಲಿಲ್ಲ. ಒಂದು ವರ್ಷ ದೋಣಿಯಾಳುಗಳೆಲ್ಲ ಹುಟ್ಟು ಕೆಳಗಿಟ್ಟು ಮರಳಿನ ಮೇಲೆ ಕುಳಿತುಬಿಟ್ಟರು. ಎಲ್ಲರ ಮುಂದೆ ಕೋಬಿನಾ ಕುಳಿತಿದ್ದ. ಗುಂಡು ಹಾರಿದಾಗ ಸತ್ತವನು ಅವನೊಬ್ಬನೇ.

ಜಿಲ್ಲೆಯ ಬಿಳಿಯ ಅಧಿಕಾರಿ ಹೆಣವನ್ನು ಮನೆಗೆ ಕೊಡಕೂಡದೆಂದು ಅಪ್ಪಣೆ ಮಾಡಿದ. ಹೆಣ ಮನೆ ಸೇರಿದರೆ ಕರಾವಳಿಯ ಊರುಗಳೆಲ್ಲ ಅದರ ಹಿಂದೆ ನಡೆಯುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಸುಂಕದ ಕಟ್ಟೆಯ ಉಗ್ರಾಣದಲ್ಲಿ ಹೆಣವಿಟ್ಟು ಕಾವಲು ಹಾಕಿದರು. ಆಮೇಲೆ ಹೆಣ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಕಾವಲಿದ್ದವರು ಬಡಗಣ ಹುಲ್ಲುಗಾಡಿನ ಸಿಪಾಯಿಗಳು, ನಮ್ಮ ಭಾಷೆ ಬಾರದವರು ಎಂದು ಊರು ನಂಬಿತ್ತು. ಬೇವಿನ ಮರದಡಿ ಯಾರಾದರೂ ಆ ಮಾತೆತ್ತಿ ಬಡಗಣದವರಿಗೆ ಶಾಪ ಹಾಕಿದರೆ ಅಬಾ ಮೀನು ಮಗುಚುತ್ತಲೇ ತನ್ನದೂ ಒಂದನ್ನು ಸೇರಿಸುತ್ತಿದ್ದಳು. ಎಬೊ ಬೆರಳು ನೆಕ್ಕಿಕೊಂಡು ಎದ್ದು ಹೋಗುತ್ತಿದ್ದ.

ಅವನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಸಮವಸ್ತ್ರದ ಮಡಿಕೆಗಳ ಅಡಿಯಲ್ಲಿ, ನಶ್ಯದ ಡಬ್ಬಿಯೊಂದಿತ್ತು. ಡಬ್ಬಿಯೊಳಗೆ ಬಿಳಿ ಕರವಸ್ತ್ರದ ಗಂಟು. ಗಂಟಿನಲ್ಲಿ ಕೋಬಿನಾನ ತಲೆಗೂದಲೂ ಉಗುರುಗಳೂ ಇದ್ದವು.

ಮನೆಯವನು ದೂರದಲ್ಲಿ ಸತ್ತು, ಹೆಣ ತರಲಾಗದಿದ್ದರೆ, ಜತೆಗಿದ್ದವರು ಕೂದಲು ಉಗುರು ಕತ್ತರಿಸಿ ತರಬೇಕು. ಮನೆಯಲ್ಲಿ ಅದಕ್ಕೇ ಸ್ನಾನ ಮಾಡಿಸಿ, ಅದರ ಮುಂದೆಯೇ ಅತ್ತು, ಅದನ್ನೇ ಮಣ್ಣು ಮಾಡುತ್ತಾರೆ. ಆಗ ಸತ್ತವನು ಹಿರಿಯರ ಸಾಲಿಗೆ ಸೇರುತ್ತಾನೆ. ಇಲ್ಲದಿದ್ದರೆ ನೆಲಕ್ಕೆ ನೀರು ಚಿಮುಕಿಸಿ ಹಿರಿಯರನ್ನು ಕರೆಯುವಾಗ ಅವನ ಹೆಸರು ಹೇಳುವಂತಿಲ್ಲ. ಅವನು ಎಲ್ಲೂ ಇಲ್ಲ.

ಕಾವಲಿದ್ದ ಮೂವರಲ್ಲಿ ಎಬೊ ಒಬ್ಬ. ಆ ವಾರವೇ ಡಬ್ಬಿಯನ್ನು ಮನೆಗೆ ಮುಟ್ಟಿಸಬೇಕೆಂದಿದ್ದ. ಆದರೆ ಮನೆಮನೆ ಶೋಧಿಸತೊಡಗಿದರು, ಅವನು ಹೆದರಿದ. ತಿಂಗಳೊಳಗೆ ತೋಳಿಗೊಂದು ಬಡ್ತಿಯ ಪಟ್ಟಿ ಬಂತು, ಜತೆಗೆ ವರ್ಗವೂ. ಮೊದಲ ವಾರ ಕೊಟ್ಟಿದ್ದರೆ ಉಪಕಾರವಾಗುತ್ತಿತ್ತು, ಮೊದಲ ವರ್ಷ ಕೊಟ್ಟಿದ್ದರೆ ತಪ್ಪೊಪ್ಪಿಗೆ. ಆಮೇಲೆ ಕೊಡುವುದಕ್ಕೆ ಹೆಸರೇ ಉಳಿಯಲಿಲ್ಲ. ಊರಿಗೆ ಮರಳಿದ ಮೇಲೆ ಎಷ್ಟೋ ಸಲ ಡಬ್ಬಿಯನ್ನು ಬಟ್ಟೆಯ ಮಡಿಕೆಯಲ್ಲಿಟ್ಟುಕೊಂಡು ಅಬಾಳ ಮನೆಗೆ ಹೋದದ್ದುಂಟು. ಬಂದವರಿಗೆ ಮೊದಲು ಸೋರೆಬುರುಡೆಯಲ್ಲಿ ನೀರು ಕೊಡಬೇಕು. ಅವರು ನೆಲಕ್ಕೆ ನಾಲ್ಕು ಹನಿ ಬಿಟ್ಟು ಕುಡಿಯಬೇಕು. ಆಮೇಲೆ ಮನೆಯವರು ಬಂದ ಕಾರಣ ಕೇಳಬೇಕು. ಕೇಳುವ ತನಕ ಬಂದವನು ಬಾಯಿ ಬಿಡುವಂತಿಲ್ಲ. ಅಬಾ ನೀರು ಕೊಡುತ್ತಿದ್ದಳು, ಕೇಳುತ್ತಿದ್ದಳು. "ತಂಪಾಗೇ ಬಂದಿದೀನಿ. ಕೆಟ್ಟದ್ದೇನೂ ಹೊತ್ತು ತಂದಿಲ್ಲ" ಎಂದು ಎಲ್ಲರೂ ಹೇಳುವ ಮಾತನ್ನೇ ಹೇಳಿ, ಹವೆ ಮೀನು ಮಾತಾಡಿ, ಡಬ್ಬಿಯನ್ನು ಮರಳಿ ಹೊತ್ತುಕೊಂಡು ಬರುತ್ತಿದ್ದ.

ರಾಜಧಾನಿ ಅಕ್ರಾದ ವಿಶ್ವವಿದ್ಯಾಲಯದಿಂದ ನಾಟಕದವರು ಬಂದದ್ದು ಮಳೆಗಾಲ ಮುಗಿದ ಮೇಲೆ. ಅರಾಬಾ ಎಂಬ ಯುವತಿ ಅವರ ಮುಖ್ಯಸ್ಥೆ, ಕತ್ತರಿಸಿದ ಕೂದಲು, ದೊಡ್ಡ ಗಂಟಲು. ನಮ್ಮ ಶಾಲೆಯ ಅಂಗಳದಲ್ಲೇ ತಾಲೀಮು. ಕತೆ ಗ್ರೀಕರದು, ಬಹಳ ಹಳೆಯದು. ತನ್ನ ವಿರುದ್ಧ ನಿಂತು ಸತ್ತವನನ್ನು ಯಾರೂ ಹೂಳಕೂಡದೆಂದು ರಾಜನೊಬ್ಬ ಸಾರುತ್ತಾನೆ, ಸತ್ತವನ ತಂಗಿ ಹೋಗಿ ಮಣ್ಣು ಹಾಕುತ್ತಾಳೆ. ಅರಾಬಾ ರಾಜನಿಗೆ ಬಿಳಿ ಟೋಪಿ ಹಾಕಿಸಿ, ಮುಖಕ್ಕೆ ಸುಣ್ಣ ಬಳಿಸಿ, ಜಿಲ್ಲಾ ಅಧಿಕಾರಿ ಮಾಡಿದ್ದಳು. ಕೋಬಿನಾನ ಸುದ್ದಿ ಕೇಳಿಯೇ ನಮ್ಮ ಊರನ್ನು ಆರಿಸಿಕೊಂಡಿದ್ದಳು. ಅಬಾಳ ಒಪ್ಪಿಗೆ ಇಲ್ಲದೆ ಆಡುವುದಿಲ್ಲವೆಂದು ಬೇವಿನ ಮರದಡಿಗೆ ಬಂದು ಕತೆಯನ್ನೆಲ್ಲ ಹೇಳಿದಳು.

ಅಬಾ ಒಲೆಗೆ ಕಟ್ಟಿಗೆ ದೂಡುತ್ತಾ ಕೇಳಿಸಿಕೊಂಡಳು. "ಅಷ್ಟು ಹಿಂದೇನೂ ಹೆಣ ಕೊಡಲ್ಲ ಅಂದಿದ್ರಾ? ಈ ರಾಜರಿಗೆ ಹೊಸದೇನೂ ಹೊಳೆಯೋದೇ ಇಲ್ವೇನೋ."

ಎಲ್ಲರೂ ನಕ್ಕರು. ಎಬೊನೂ ಅಲ್ಲೇ ಊಟಕ್ಕೆ ಕುಳಿತಿದ್ದ. ನಗೆ ನಿಂತ ಮೇಲೆ ಆಕೆ ಯಾರಿಗೂ ಅಲ್ಲವೆಂಬಂತೆ ಅಂದಳು: "ಆದ್ರೂ ಆ ಹುಡುಗಿ ಪುಣ್ಯ ಮಾಡಿದ್ಲು ಕಣಮ್ಮ. ಒಂದ್ ಹಿಡಿ ಮಣ್ಣು ಹಾಕೋಕಾದ್ರೂ ಅವ್ಳಿಗೆ ಹೆಣ ಸಿಕ್ತು. ಆಡಿ, ಆಡಿ. ನಾನೂ ಬಂದು ನೋಡ್ತೀನಿ."

ಅಂದು ಎಬೊ ಎರಡನೆಯ ಮೀನನ್ನು ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದು ಆಕೆ ಅದನ್ನು ಎಲೆಯಲ್ಲಿ ಕಟ್ಟಿಕೊಟ್ಟಳು.

ಪ್ರದರ್ಶನ ಹತ್ತಿರ ಬಂದಾಗ ಕಾವಲುಗಾರನ ಪಾತ್ರದವನು ಜ್ವರದಿಂದ ಮಲಗಿದ. ಎಬೊನ ಬಳಿ ಹಳೆಯ ಕೆಂಪು ಟೋಪಿ ಇದೆಯೆಂದು ಯಾರೋ ಅಂದರು. ಟೋಪಿ ಕೇಳಲು ಹೋದ ಅರಾಬಾ ಮುದುಕನನ್ನೇ ಎಳೆದು ತಂದಳು. ಅವನು ಒಲ್ಲೆನೆಂದ, ಆದರೆ ಯಾಕೆ ಒಲ್ಲೆ ಎಂದು ಹೇಳಲಾರದೆ ಹೋದ. ಪೊಲೀಸಪ್ಪನಿಗೆ ನಾಚಿಕೆಯೆಂದು ಊರು ಚುಡಾಯಿಸಿತು.

ಪಾತ್ರ ಚಿಕ್ಕದು, ನಗೆಯದು. ಹೆಣಕ್ಕೆ ಮಣ್ಣು ಹಾಕಿದ ತಂಗಿಯನ್ನು ಹಿಡಿದು ತಂದು, ಆ ಸುದ್ದಿ ಹೊತ್ತು ಕಾವಲುಗಾರ ಅಧಿಕಾರಿಯ ಎದುರು ಬಂದು ನಿಲ್ಲುತ್ತಾನೆ. ಅಧಿಕಾರಿಗೆ ನಮ್ಮ ರೀತಿ ಗೊತ್ತಿಲ್ಲ. ನೀರು ಕೊಡುವುದಿಲ್ಲ, ಬಂದ ಕಾರಣವನ್ನು ಕೇಳುವ ಹಾಗೆ ಕೇಳುವುದಿಲ್ಲ, "ಹೇಳು" ಎಂದು ಗದರುತ್ತಾನೆ. ಕಾವಲುಗಾರ ತುಟಿ ನೆಕ್ಕುತ್ತಾ ಅತ್ತಿತ್ತ ನೋಡುತ್ತಾನೆ. ಅಧಿಕಾರಿ ಮೇಜು ಗುದ್ದಿದಷ್ಟೂ ಇವನ ಬಾಯಿ ಒಣಗುತ್ತದೆ. ಒಂದು ಗುಟುಕು ನೀರು ಕೊಡಲು ತಿಳಿಯದವನು ಒಂದು ನಾಡನ್ನೇ ಆಳುತ್ತಿದ್ದಾನೆ, ಅದೇ ತಮಾಷೆ. ಕೊನೆಗೆ ಕೈಕಟ್ಟಿ ತಂದ ತಂಗಿಯೇ ಕಟ್ಟಿದ ಕೈಗಳಲ್ಲಿ ಬುರುಡೆ ಹಿಡಿದು ನೀರು ಕೊಡುತ್ತಾಳೆ, ಕೇಳುತ್ತಾಳೆ. ಕಾವಲುಗಾರ ಗಟಗಟ ಕುಡಿದು, ಅಭ್ಯಾಸಬಲದಿಂದ, "ತಂಪಾಗೇ ಬಂದಿದೀನಿ. ಕೆಟ್ಟದ್ದೇನೂ ಹೊತ್ತು ತಂದಿಲ್ಲ" ಅನ್ನುತ್ತಾನೆ. ಅನ್ನುತ್ತಲೇ ತನ್ನ ತಪ್ಪು ಹೊಳೆದು ಬಾಯಿ ಮುಚ್ಚಿಕೊಳ್ಳುತ್ತಾನೆ.

ಸೋಮವಾರ ಸಂಜೆಬಿಸಿಲಿನಲ್ಲಿ ಆಟ ನಡೆಯಿತು. ಮಾತು ಬಾರದೆ ತುಟಿ ನೆಕ್ಕುವ ಮುದುಕನನ್ನು ನೋಡಿ ಅಂಗಳ ಬಿದ್ದು ಬಿದ್ದು ನಕ್ಕಿತು. ಅಷ್ಟು ಚೆನ್ನಾಗಿ ನಟಿಸುತ್ತಾನೆಂದು ನಾವಂದುಕೊಂಡೆವು. ನೀರು ಬಂತು. ಅವನು ಕುಡಿದ. ಹುಡುಗಿ ಕೇಳಿದಳು. ಅವನು ಅವಳನ್ನು ನೋಡದೆ ಮುಂದಿನ ಸಾಲನ್ನು ನೋಡಿದ. ಅಲ್ಲಿ ಅಬಾ, ಬಟ್ಟೆಯ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವನು ಕಲಿತ ಮಾತನ್ನು ಕಲಿತಂತೆಯೇ ಹೇಳಿದ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಮಂಗಳವಾರ. ಬಲೆ ಹೆಣೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಎಬೊ ಟಾಂಡೊ ಎಡ ಹೆಗಲ ಮೇಲೆ ದೊಡ್ಡ ಬಟ್ಟೆ ಹೊದ್ದು, ಹಿರಿಯರೆದುರು ಹೋಗುವವನಂತೆ, ದಡದುದ್ದಕ್ಕೂ ನಡೆದುಹೋದ.

ಅಬಾ ಬುರುಡೆ ತಂದಳು. ಅವನು ನೆಲಕ್ಕೆ ಹನಿ ಬಿಟ್ಟು ಕುಡಿದ. ಆಕೆಗೆ ಇನ್ನೂ ನಿನ್ನೆಯ ನಗು. "ಕೇಳೋದೇನು ಬಂತು ನಾನಾ, ನಿಮ್ಮ ಮಾತು ಈಗ ಊರಿಗೆಲ್ಲ ಬಾಯಿಪಾಠ" ಎಂದು ಬುರುಡೆ ತೆಗೆದುಕೊಳ್ಳಲು ಕೈ ಚಾಚಿದಳು.

ಅವನು ಬುರುಡೆ ಬಿಡಲಿಲ್ಲ. "ಕೇಳಿ, ತಾಯಿ. ನೀವು ಕೇಳ್ದೆ ನಂಗೆ ಹೇಳೋಕಾಗಲ್ಲ."

ಆಕೆ ಅವನ ಕೈ ನೋಡಿದಳು. ಕೂತಳು. ಕೇಳುವ ರೀತಿಯಲ್ಲೇ ಕೇಳಿದಳು: "ಇಲ್ಲಿ ತಂಪಾಗಿದೆ. ದಾರಿ ನಡ್ದು ಬಂದೋರು ನೀವು. ಏನು ಹೊತ್ತು ತಂದ್ರಿ?"

"ತಂಪಾಗಿ ಬಂದಿಲ್ಲ" ಎಂದು ಅವನು ಡಬ್ಬಿಯನ್ನು ಇಬ್ಬರ ನಡುವಿನ ನೆಲದ ಮೇಲಿಟ್ಟ. ಯಾರದೆಂದು ಹೇಳಿದ. ಹೇಗೆ ಬಂತೆಂದು, ಇಷ್ಟು ವರ್ಷ ಎಲ್ಲಿತ್ತೆಂದು ಹೇಳಿದ.

ಆಕೆ ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಕತ್ತರಿಸೋವಾಗ ಅವನ ಹೆಸರು ಕರೆದ್ರಾ?"

"ಕರೆದೆ. ಕೋಬಿನಾ, ಮನೆಗೆ ಕರ್ಕೊಂಡು ಹೋಗ್ತೀನಿ ಅಂದೆ."

"ಹಾಗಾದ್ರೆ ಅವನು ನಿಮ್ಮ ಮಾತು ನಂಬಿ ಕಾಯ್ತಾ ಕೂತಿದಾನೆ. ದಿನಾ ನನ್ನ ಕೈಯಲ್ಲಿ ಕೆಂಕೆ ತಿಂದು ಹೋಗಿ, ಅವನ ಮೇಲೆ ಮಂಚ ಹಾಕ್ಕೊಂಡು ಮಲಗಿದೀರಿ."

ಅವನು ಡಬ್ಬಿಯನ್ನು ಆಕೆಯತ್ತ ಸರಿಸಿದ. ಆಕೆ ಮುಟ್ಟಲಿಲ್ಲ. "ಕರ್ಕೊಂಡು ಬರ್ತೀನಿ ಅಂದೋರು ನೀವು. ಹೊಸಲು ದಾಟ್ಸೋದೂ ನೀವೇ" ಎಂದು ಎದ್ದು, ಮನೆತನದ ಹಿರಿಯನಿಗೆ ಹೇಳಿಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಎಲ್ಲರೆದುರು ಅವನಿಗೆ ಮತ್ತೆ ನೀರು ಕೊಟ್ಟರು, ಮತ್ತೆ ಕೇಳಿದರು. ಅವನು ನಿಂತು ಮೊದಲಿನಿಂದ ಹೇಳಿದ. ಹೆಣವನ್ನು ದೋಣಿಯಲ್ಲಿ ಒಯ್ದು, ಕಲ್ಲು ಕಟ್ಟಿ, ನಡುಗಡಲಿಗೆ ಬಿಟ್ಟರೆಂದ. ಜತೆಯ ಸಿಪಾಯಿಗಳು ಜನ್ಮದಲ್ಲಿ ದೋಣಿ ಹತ್ತಿದವರಲ್ಲ, ಕಾರಿಕೊಳ್ಳುತ್ತಾ ಬಿದ್ದಿದ್ದರು, ಮೀನುಗಾರನ ಮಗ ತಾನೇ ಚುಕ್ಕಾಣಿ ಹಿಡಿದೆನೆಂದ. ಅಲ್ಲಿಗೆ ಮುಗಿಸಿ ಕೈಮುಗಿದ. ಹಿರಿಯ ಮಾತಾಡಲು ಕೋಲು ಎತ್ತಿದ್ದ. ಅಷ್ಟರಲ್ಲಿ ಅಬಾ ಕೂತಲ್ಲಿಂದಲೇ ಕೇಳಿದಳು.

"ದಡದ ತುಂಬ ನಮ್ಮೋರಿದ್ರು. ಹಗಲೂ ಇರುಳೂ ಕಾಯ್ತಾ ಇದ್ರು, ಕಡಲಲ್ಲೂ ದೋಣಿಗಳಿದ್ವು. ಯಾರ ಕಣ್ಣಿಗೂ ಬೀಳ್ದೆ ಯಾವತ್ತು ಹೋದ್ರಿ?"

ಅಂಗಳಕ್ಕೆ ಕಡಲಿನ ಸದ್ದು ಕೇಳುತ್ತಿತ್ತು.

"ಮಂಗಳವಾರ" ಎಂದ.

ಹೆಂಗಸರ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಅಬಾ ಬಿಡಲಿಲ್ಲ. "ಮಂಗಳವಾರ ನಾವು ಕಡಲ ಕಡೆಗೆ ಬೆನ್ನು ಹಾಕಿ ಕೂತಿರ್ತೀವಿ ಅಂತ ಆ ಬಿಳಿಯನಿಗೆ ಹೇಳ್ದೋರು ಯಾರು?"

ತಾನು ಹೇಳದಿದ್ದರೆ ಈ ಲೋಕದಲ್ಲಿ ಯಾರಿಗೂ ತಿಳಿಯದ ಸಂಗತಿ ಅದು. ಕಡಲು ಯಾವತ್ತು ಖಾಲಿ ಇರುತ್ತದೆಂದು ಸಾಹೇಬ ಕೇಳಿದ್ದ, ಇವನು ಉತ್ತರ ಕೊಟ್ಟಿದ್ದ. ಕೇಳಿದ್ದಕ್ಕೆ ಹೇಳಿದೆ ಅಷ್ಟೇ ಎಂದು ಬಾಗಿಲು ಹಾಕಿಕೊಂಡ ಒಂದೊಂದು ಮಂಗಳವಾರವೂ ತನಗೆ ತಾನೇ ಹೇಳಿಕೊಂಡಿದ್ದ.

"ನಾನೇ" ಎಂದ.

ಹಿರಿಯರು ಅವನಿಗೆ ಒಂದು ಕುರಿಯನ್ನೂ ಗತಿಸಿದ ಹಿರಿಯರಿಗೆ ಎರೆಯುವ ಮದ್ಯವನ್ನೂ ತಪ್ಪುಕಾಣಿಕೆ ಹಾಕಿದರು. ಅವನು ತಂದುಕೊಟ್ಟ. ಕೂದಲಿಗೂ ಉಗುರಿಗೂ ಸ್ನಾನವಾಯಿತು. ಚಿಕ್ಕ ಪೆಟ್ಟಿಗೆಯೊಂದನ್ನು ಮಾಡಿಸಿದರು. ಅದು ಮಗುವಿನ ಪೆಟ್ಟಿಗೆಯಷ್ಟು ಹಗುರವಿತ್ತು, ಆದರೂ ದೋಣಿಯಾಳುಗಳು ಎಂಟು ಹೆಗಲು ಕೊಟ್ಟರು. ಕರಾವಳಿಯ ಊರುಗಳೆಲ್ಲ ಅದರ ಹಿಂದೆ ನಡೆದವು. ಬಿಳಿಯ ಅಧಿಕಾರಿ ಹೆದರಿದ್ದ ಆ ಮೆರವಣಿಗೆ, ಅವನು ಹೋಗಿ ಎಷ್ಟೋ ವರ್ಷಗಳ ಮೇಲೆ, ಕೊನೆಗೂ ಹೊರಟಿತ್ತು. ಅರಾಬಾಳ ಗುಂಪೂ ಅದರಲ್ಲಿತ್ತು. ನೀರು ಚಿಮುಕಿಸಿ ಹೆಸರು ಕರೆಯುವಾಗ ಹಿರಿಯ ಮೊದಲ ಸಲ "ಕೋಬಿನಾ ಅಮಿಸ್ಸಾ, ಇಗೋ ನೀರು" ಎಂದ. ಅಬಾ ಕೆಂಪು ಬಟ್ಟೆ ಕಳಚಿ, ಸೂತಕ ಕಳೆದವರು ಉಡುವ ಬಿಳಿ ಉಟ್ಟು ಹೊರಬಂದಾಗ ಒಂದು ಗಳಿಗೆ ಆಕೆಯ ಗುರುತು ಹತ್ತಲಿಲ್ಲ.

ಎಬೊ ಈಗಲೂ ಬೇವಿನ ಮರದಡಿ ಊಟ ಮಾಡುತ್ತಾನೆ. ಕೆಂಕೆಯ ಜತೆ ಒಂದೇ ಮೀನು. ಮಂಗಳವಾರ ಎಲ್ಲರಂತೆ ದಡಕ್ಕೂ ಬರುತ್ತಾನೆ, ಬಲೆ ಹೆಣೆಯುವವರಿಗಿಂತ ತುಸು ದೂರದಲ್ಲಿ, ಕಡಲಿಗೆ ಮುಖ ಮಾಡಿ ಕೂರುತ್ತಾನೆ.

ಆಗಾಗ ಅಬಾಳ ಮನೆಗೂ ಹೋಗುತ್ತಾನೆ. ಅಂಗಳದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದವನು, ಕ್ಷಮಿಸಿ ಎಂಬ ಮಾತೊಂದನ್ನು ಅಂದು ಹೇಳಿರಲಿಲ್ಲ. ಅದನ್ನು ಹೇಳಲೆಂದೇ ಹೋಗುತ್ತಾನೆಂದು ಊರಿಗೆ ಗೊತ್ತು, ಆಕೆಗೂ ಗೊತ್ತು. ಆಕೆ ಬುರುಡೆಯಲ್ಲಿ ತಣ್ಣನೆಯ ನೀರು ತಂದುಕೊಡುತ್ತಾಳೆ. ಅವನು ನೆಲಕ್ಕೆ ಹನಿ ಬಿಟ್ಟು, ಕೋಬಿನಾನ ಹೆಸರು ಹೇಳಿ, ಕುಡಿಯುತ್ತಾನೆ. ಆಮೇಲೆ ಖಾಲಿ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಾನೆ. ಆಕೆ ಎದುರಿಗೆ ಕೂತು ಮರುದಿನದ ಕೆಂಕೆಗೆ ಬಾಳೆಯೆಲೆಗಳನ್ನು ಒರೆಸಿ ಒರೆಸಿ ಜೋಡಿಸುತ್ತಾಳೆ. ಬಂದ ಕಾರಣ ಕೇಳುವುದಿಲ್ಲ.