ಸನ್ಮಾನದ ಶಾಲಿಗೆ ಕೆಂಪು ಮಸಿ

ಅವನು ನನ್ನನ್ನು ‘ತಂಗಿ’ ಎನ್ನುತ್ತಿದ್ದ. ಅದಕ್ಕೇ ಇನ್ನಷ್ಟು ಹೊಟ್ಟೆಯುರಿ. ಎಂಬತ್ತರ ದಶಕದ ಕೊನೆಗೆ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ನಮ್ಮ ಕಡೆಯವರೆಂದರೆ ನಾವಿಬ್ಬರೇ. ನಾನು ಆಳಂದ ತಾಲೂಕಿನ ಮಟಕಿ ಊರಿನವಳು. ಅವನು ಜೇವರ್ಗಿಯ ದೊಡ್ಡ ಮನೆತನದವನು, ನನ್ನ ಮೇಲಧಿಕಾರಿ.

ಎಂಜಿನ್ನಿನೊಳಗೆ ತಿರುಗುವ ಸೆರಾಮಿಕ್ ಅಲಗು ಮಾಡುವುದು ನಮ್ಮ ಕೆಲಸ. ಕಬ್ಬಿಣ ಮೆತ್ತಗಾಗುವ ಕಾವಿಗೂ ಅದು ಸೋಲಬಾರದು. ಪುಡಿಯನ್ನು ಅಲಗಿನ ಆಕಾರಕ್ಕೆ ಒತ್ತಿ, ಗಾಜಿನ ಹೊದಿಕೆಯೊಳಗಿಟ್ಟು, ಗಾಳಿಯನ್ನೆಲ್ಲ ಎಳೆದು, ಗಾಜು ಕಾಯಿಸಿ ಬಾಯಿ ಮುಚ್ಚಬೇಕು. ಆಮೇಲೆ ಕುಲುಮೆಯಲ್ಲಿ ಅನಿಲ ಸುತ್ತಲಿಂದ ಅದನ್ನು ಅದುಮುತ್ತದೆ. ಹೊದಿಕೆ ಕೂದಲೆಳೆಯಷ್ಟು ಬಿರಿದಿದ್ದರೂ ಅನಿಲ ಒಳಗೆ ನುಗ್ಗಿ, ಅಲಗು ತೂತುತೂತಾಗಿಯೇ ಉಳಿಯುತ್ತದೆ. ಕಾಯುವುದೆಂದರೆ ಅವನಿಗೆ ಆಗದು. ಸಾವಕಾಶ ಆರಬೇಕಾದ ಗಾಜಿಗೆ ಟೇಬಲ್ ಫ್ಯಾನ್ ಹಚ್ಚಿದ.

ಅವನ ಅಲಗು ಹಾಳಾಯಿತು, ನನ್ನದು ಗಟ್ಟಿಯಾಗಿ ಬಂತು. ಮೇಲಿನವರಿಗೆ ಅವನು ತಿರುಗಿಸಿ, ಹಾಳಾದದ್ದು ನನ್ನದು, ಗಟ್ಟಿಯಾದದ್ದು ತನ್ನದು ಎಂದು ಹೇಳಿದ. ನನ್ನನ್ನು ಕುಲುಮೆಯಿಂದ ತೆಗೆದು ಟೈಪಿಂಗಿಗೆ ಕೂರಿಸಿದರು.

“ಬ್ಯಾಸರ ಮಾಡ್ಕೋಬ್ಯಾಡ ತಂಗಿ, ಕುಂತು ಮಾಡೋ ಕೆಲಸ ಆರಾಮ ಇರ್ತದ,” ಎಂದ. ನಾನು ಟೈಪ್‌ರೈಟರಿಗೆ ಹಾಳೆ ಏರಿಸಿದೆ.

ಮರುವರ್ಷ ಜೇವರ್ಗಿಯ ಶಾಲೆಯೊಂದರ ಅಂಗಳದಲ್ಲಿ ಆ ಗಟ್ಟಿ ಅಲಗಿಗಾಗಿ ಊರವರು ಅವನಿಗೆ ಸನ್ಮಾನ ಇಟ್ಟುಕೊಂಡರು. ರಜೆ ಹಾಕಿ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಶಾಲು ಹೊದ್ದ ಅವನು ಒಂದು ಅಲಗು ಎತ್ತಿ ಹಿಡಿದು, “ಇದು ನಾ ಮಾಡಿದ್ದು ನೋಡ್ರಿ,” ಎಂದ. ನನ್ನ ಅಲಗು ಎಂಜಿನ್ ಪರೀಕ್ಷೆಗೆ ಹೋಗಿತ್ತು. ಇಲ್ಲಿ ಯಾರಿಗೆ ಗೊತ್ತಾಗುತ್ತದೆಂದು ಆ ಹಾಳಾದದ್ದನ್ನೇ ಅವನು ತರುತ್ತಾನೆಂಬುದು ನನಗೆ ಮೊದಲೇ ಗೊತ್ತಿತ್ತು. ಕೆಂಪು ಮಸಿಯ ಬಾಟಲಿ ಚೀಲದಲ್ಲಿ ಸಿದ್ಧವಾಗಿತ್ತು.

ಎದ್ದು ನಿಂತೆ. “ಅಣ್ಣಾರ, ಮಸಿ ಹಚ್ಚಿ ತೋರಸ್ರಿ. ಗಟ್ಟಿ ಇದ್ರ ಒರೆಸಿದ ಕೂಡ್ಲೆ ಹೋಗ್ತದ, ತೂತಿದ್ರ ಕುಡೀತದ. ಮಂದಿಗೂ ತಿಳೀಲಿ.”

ಅಫಜಲಪುರದಿಂದ ಬಂದಿದ್ದ ಅವನ ಮಾವ ಹಿಗ್ಗಿನಿಂದ, “ಹಚ್ಚವಾ, ನೋಡೂಣು,” ಎಂದರು. ಹಚ್ಚಿದೆ. ಅವನು ಶಾಲಿನ ಸೆರಗಿನಿಂದಲೇ ಉಜ್ಜಿದ, ಉಜ್ಜಿಯೇ ಉಜ್ಜಿದ. ಶಾಲು ಕೆಂಪಾಯಿತು. ಅಲಗಿನ ಕೆಂಪು ಹೋಗಲಿಲ್ಲ.

“ಇದು ನಂದಲ್ರೀ! ಈಕಿ ಕೆಡಿಸಿದ್ದು!” ಎಂದು ಕೂಗಿದ.

“ಹಂಗಾರ ನನ್ನ ಅಲಗಿಗೆ ನೀವ್ಯಾಕ್ರೀ ಶಾಲು ಹೊದ್ದೀರಿ?”

ಜನ ನಕ್ಕರು. ಮಾವ ನಗಲಿಲ್ಲ. “ಖರೇ ಹೇಳ್ರಿ ಅಳಿಯಾರ, ಯಾರ್ದಿದು?”

“ನಂದೇ ರೀ,” ಎಂದ ಅವನು, ನೆಲ ನೋಡುತ್ತ.

ನನಗೆ ಕುಲುಮೆ ಮರಳಿ ಸಿಗಲಿಲ್ಲ. ಆದರೆ ಆ ಮಾತು ಅವನ ಬಾಯಿಂದಲೇ ಬಂದಾಗ ಹೊಟ್ಟೆ ತಣ್ಣಗಾಯಿತು. ಮಾವ ವೇದಿಕೆ ಹತ್ತಿ, ಅಳಿಯನ ಹೆಗಲಿನಿಂದ ಶಾಲು ತೆಗೆದು ಮಡಚಿಕೊಂಡರು. ಅವರಿಗಾಗಿ ಕೆಡುಕೆನಿಸಿತು, ಅವನಿಗಾಗಿ ಇಂದಿಗೂ ಅನಿಸಿಲ್ಲ.