ಒಂದು ಮನೆ, ಒಂದು ವೋಟು

ಚುನಾವಣೆ ಬಂತೆಂದರೆ ಈ ದ್ವೀಪದೇಶದ ಪಾಸಿರ್ ರಿಸ್‌ನ ನಮ್ಮ ಬ್ಲಾಕಿನ ಕೆಳಗೆ ಧ್ವನಿವರ್ಧಕ ಕಟ್ಟಿದ ಲಾರಿಯೊಂದು ನಿಧಾನವಾಗಿ ಹಾದುಹೋಗುತ್ತದೆ. ಮೊದಲು ಇಂಗ್ಲಿಷು, ಆಮೇಲೆ ಚೀನೀ, ಮಲಯ್, ಕೊನೆಯಲ್ಲಿ ತಮಿಳು. ತಮಿಳಿನ ಸರದಿ ಬರುವಷ್ಟರಲ್ಲಿ ಲಾರಿ ತಿರುವು ದಾಟಿರುತ್ತದೆ, ಮಾತಿನ ಬಾಲವಷ್ಟೇ ಗಾಳಿಯಲ್ಲಿ ತೇಲಿಬರುತ್ತದೆ. ಈ ಸಲ ಆ ದನಿ ಕೇಳಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೈ ಅಲ್ಲೇ ನಿಂತಿತು. ಯಾವ ಅಡುಗೆಯೂ ಆಗುತ್ತಿರದ ನನ್ನ ಮನೆಯಲ್ಲಿ ಇಂಗಿನ ಒಗ್ಗರಣೆಯ ವಾಸನೆ ಬಂದಂತಾಯಿತು. ಸೆಂಬವಾಂಗಿನ ನಮ್ಮ ಹಳೆಯ ಮನೆಯಲ್ಲಿ ಅಮ್ಮ ಹೀಗೇ, ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯ ಕಿಟಕಿಯ ಬಳಿ ನಿಂತು, ಕೆಳಗೆ ಹೋಗುತ್ತಿದ್ದ ಲಾರಿಯ ತಮಿಳನ್ನು ತನಗೆ ತಿಳಿದಷ್ಟು ಕನ್ನಡ ಮಾಡಿ ನನಗೆ ಹೇಳುತ್ತಿದ್ದಳು. ತಿಳಿಯದ ಕಡೆ ತಾನೇ ಏನಾದರೂ ಸೇರಿಸುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಆ ಮನೆ ಏಳನೆಯ ಮಹಡಿಯಲ್ಲಿತ್ತು. ಆಗಿನ ಹಳೆಯ ಬ್ಲಾಕುಗಳಲ್ಲಿ ಲಿಫ್ಟು ಎಲ್ಲ ಮಹಡಿಗಳಲ್ಲೂ ನಿಲ್ಲುತ್ತಿರಲಿಲ್ಲ. ನಮಗೆ ಹತ್ತಿರವೆಂದರೆ ಐದು ಇಲ್ಲವೇ ಒಂಬತ್ತು. ಅಮ್ಮ ಮಾರ್ಕೆಟ್ಟಿನಿಂದ ಬರುವಾಗ ಒಂಬತ್ತಕ್ಕೆ ಹೋಗಿ ಇಳಿದು ಬರುತ್ತಿದ್ದಳು. ಭಾರ ಹೊತ್ತು ಹತ್ತುವುದಕ್ಕಿಂತ ಇಳಿಯುವುದು ಸುಲಭ ಎಂಬುದು ಅವಳ ಲೆಕ್ಕ. ಉದ್ದನೆಯ ಕಾರಿಡಾರು, ಎದುರುಬದುರು ಅಲ್ಲದೆ ಪಕ್ಕಪಕ್ಕಕ್ಕೆ ತೆರೆದುಕೊಳ್ಳುವ ಬಾಗಿಲುಗಳು, ಪ್ರತಿ ಬಾಗಿಲಿಗೂ ಕಬ್ಬಿಣದ ಜಾಲರಿ ಗೇಟು. ಸಂಜೆ ಕಡಲ ಕಡೆಯಿಂದ ಗಾಳಿ ಬೀಸಿದಾಗ ಪಕ್ಕದ ಮನೆಯ ಲಿಮ್ ಆಂಟಿ ಹಚ್ಚಿದ ಊದುಬತ್ತಿಯ ಹೊಗೆಯೂ ನಮ್ಮ ದೇವರಮನೆಯ ಹೊಗೆಯೂ ಕಾರಿಡಾರಿನಲ್ಲಿ ಒಂದಾಗುತ್ತಿದ್ದವು. ಅಪ್ಪ ಹಡಗು ರಿಪೇರಿಯ ಯಾರ್ಡಿನಲ್ಲಿ ಎಂಜಿನಿಯರು. ಅವರು ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಅವರ ಅಂಗಿಯಲ್ಲಿ ಪೇಂಟಿನ, ತುಕ್ಕಿನ, ಉಪ್ಪುನೀರಿನ ವಾಸನೆ ಇರುತ್ತಿತ್ತು. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಕೂತಾಗ ಬೇರೆಯೇ ಮನುಷ್ಯರಂತೆ ಕಾಣುತ್ತಿದ್ದರು.

ನನ್ನ ಅಪ್ಪ, ಅಮ್ಮ ಇಬ್ಬರೂ ಮೈಸೂರಿನವರು. ನಾನು ಸ್ಕೂಲಿಗೆ ಸೇರುವ ಹೊತ್ತಿಗೆ ಅಪ್ಪ ಇಲ್ಲಿನ ಪೌರತ್ವ ತೆಗೆದುಕೊಂಡರು, ನನಗೂ ಮಾಡಿಸಿದರು. ಅಮ್ಮ ಒಪ್ಪಲಿಲ್ಲ. ಮೈಸೂರಿನಲ್ಲಿ ಅವಳ ತಾಯಿ ಇದ್ದರು. ‘ನಾಳೆ ಏನಾದ್ರೂ ಆದ್ರೆ ನಮ್ಮಮ್ಮನ್ನ ನೋಡಕ್ಕೆ ನಾನು ವೀಸಾ ಕೇಳ್ಕೊಂಡು ನಿಲ್ಬೇಕಾ?’ ಎಂದು ಒಂದೇ ಸಲ ಕೇಳಿದಳು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪನದು, ನನ್ನದು ಒಂದು ದೇಶ, ಅಮ್ಮನದು ಇನ್ನೊಂದು. ಜಗಳವೇನೂ ಇರಲಿಲ್ಲ. ಆದರೆ ಏರ್‌ಪೋರ್ಟಿನಲ್ಲಿ ಇಬ್ಬರೂ ಬೇರೆ ಬೇರೆ ಸಾಲಿಗೆ ಹೋಗುವಾಗ ನಾನು ಯಾರ ಕೈ ಹಿಡಿಯಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆ.

ಪೌರತ್ವ ತೆಗೆದುಕೊಂಡ ಅಪ್ಪನಿಗೆ ಇದ್ದ ಆಸೆ ಒಂದೇ, ವೋಟು ಹಾಕುವುದು. ಮೈಸೂರಿನಲ್ಲಿ ಕಾಲೇಜು ಓದುವಾಗ ಒಮ್ಮೆ ಹಾಕಿದ್ದರಂತೆ. ಆಮೇಲೆ ದೇಶ ಬಿಟ್ಟರು. ಇಲ್ಲಿ ನೋಡಿದರೆ ನಮ್ಮ ಕ್ಷೇತ್ರದಲ್ಲಿ ಪ್ರತಿ ಸಲವೂ ಅವಿರೋಧ ಆಯ್ಕೆ. ನಾಮಪತ್ರ ಸಲ್ಲಿಸುವ ದಿನ ಅಪ್ಪ ರಜೆ ಹಾಕಿ ಟೀವಿಯ ಮುಂದೆ ಕೂರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ, ಇಂಥಿಂಥ ಕ್ಷೇತ್ರಗಳಲ್ಲಿ ಸ್ಪರ್ಧೆ ಇಲ್ಲ ಎಂದು ಸುದ್ದಿಯವರು ಓದುತ್ತಿದ್ದರು. ನಮ್ಮ ಕ್ಷೇತ್ರದ ಹೆಸರು ಬಂದ ಕೂಡಲೇ ಅಪ್ಪ ಟೀವಿ ಆರಿಸಿ, ಅಮ್ಮನಿಗೆ ‘ಲಲಿತಾ, ತಟ್ಟೆ ಹಾಕು’ ಎನ್ನುತ್ತಿದ್ದರು. ಅಮ್ಮ ಅಂದು ಅವರಿಗೆ ಇಷ್ಟವೆಂದು ಗೊಜ್ಜು ಮಾಡಿರುತ್ತಿದ್ದಳು. ಸ್ಪರ್ಧೆ ಇರುವುದಿಲ್ಲವೆಂದು ಅವಳಿಗೆ ಮೊದಲೇ ಅನಿಸಿರುತ್ತಿತ್ತೋ ಏನೋ.

ನಾನು ಸೆಕೆಂಡರಿ ಸ್ಕೂಲಿಗೆ ಬಂದ ವರ್ಷ ನಮ್ಮ ಪಾರ್ಲಿಮೆಂಟ್ ಸದಸ್ಯರು ಅವಧಿಯ ನಡುವೆಯೇ ತೀರಿಕೊಂಡರು. ಉಪಚುನಾವಣೆ ಎಂದರು. ಒಬ್ಬನೇ ಸದಸ್ಯನ ಪುಟ್ಟ ಕ್ಷೇತ್ರ ನಮ್ಮದು. ಇಡೀ ಊರಿನ ಕಣ್ಣು ನಮ್ಮ ಮೇಲೆ ಬಿತ್ತು. ಒಂದು ಪಕ್ಷದಿಂದ ಒಬ್ಬ ಅಕೌಂಟೆಂಟ್ ಹೆಂಗಸು, ಇನ್ನೊಂದರಿಂದ ನಿವೃತ್ತ ಲೆಕ್ಚರರ್ ನಿಂತರು. ದೀಪದ ಕಂಬಗಳ ತುಂಬ ಅವರಿಬ್ಬರ ಮುಖ. ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ಚದುರಂಗ ಆಡುತ್ತಿದ್ದ ಮುದುಕರು ಆಟ ಬಿಟ್ಟು ವಾದಕ್ಕಿಳಿದರು. ಅಪ್ಪ ಸಂಜೆ ಯಾರ್ಡಿನಿಂದ ನೇರವಾಗಿ ಸಭೆಗೆ ಹೋಗುತ್ತಿದ್ದರು, ಇಬ್ಬರ ಸಭೆಗೂ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಮಳೆ ಬಂದು ನಿಂತ ಮೈದಾನ, ತುಳಿದ ಹುಲ್ಲಿನ ಹಸಿ ವಾಸನೆ, ಶೂಗಳಿಗೆ ಮೆತ್ತಿದ ಕೆಸರು. ಸುತ್ತ ಜನ ಪೀಪಿ ಊದುತ್ತ ಕೂಗುತ್ತಿದ್ದರೆ ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪಾಠ ಕೇಳುವವರ ಹಾಗೆ ನಿಂತಿದ್ದರು. ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ. ಲೆಕ್ಚರರ್ ಪಾರ್ಲಿಮೆಂಟಿನಲ್ಲಿ ಎದುರು ಮಾತು ಯಾಕೆ ಬೇಕೆಂದು ಹೇಳುತ್ತಿದ್ದಾಗ ಮಾತ್ರ ಅವರ ತಲೆ ಸಣ್ಣಗೆ ಆಡುತ್ತಿತ್ತು.

ಒಂದು ಸಂಜೆ ಅಕೌಂಟೆಂಟ್ ಹೆಂಗಸು ನಮ್ಮ ಕಾರಿಡಾರಿಗೆ ಬಂದಳು. ಐದನೆಯ ಮಹಡಿಯಲ್ಲಿ ಇಳಿದು ಹತ್ತಿ ಬಂದದ್ದಕ್ಕೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅಪ್ಪ ಗೇಟು ತೆಗೆದರು. ಮನೆಯಲ್ಲಿ ಎಷ್ಟು ವೋಟು ಎಂದು ಅವಳು ಕೇಳಿದಳು. ‘ಒನ್ಲೀ ಒನ್’ ಎಂದರು ಅಪ್ಪ. ಆಮೇಲೆ ಅವರು ಕೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದರು, ಕಾನೂನು, ಪತ್ರಿಕೆಗಳು, ಚರ್ಚೆ. ಅವಳು ಸಭ್ಯವಾಗಿ ಉತ್ತರಿಸುತ್ತಿದ್ದಳು. ಒಳಗೆ ಒಲೆ ಆರಿಸಿದ ಸದ್ದಾಯಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

‘ರೀ, ಲಿಫ್ಟಿನ ವಿಷಯ ಹೇಳಿ’ ಎಂದಳು. ಅಪ್ಪ ತಡವರಿಸಿದರು. ಆಗ ಅಮ್ಮ ತಾನೇ ಹೇಳಿದಳು, ತನ್ನ ಇಂಗ್ಲಿಷಿನಲ್ಲಿ, ನಿಧಾನವಾಗಿ. ಪಕ್ಕದ ಮನೆಯ ಲಿಮ್ ಅಂಕಲ್ ಎದೆ ಹಿಡಿದುಕೊಂಡು ಬಿದ್ದದ್ದು, ಆಂಬುಲೆನ್ಸಿನವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದ್ದು, ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡದ್ದು, ತಾನು ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ಇಳಿದದ್ದು, ಅವರು ಮತ್ತೆ ಹತ್ತಿ ಬರಲೇ ಇಲ್ಲವೆಂಬುದು. ಲಿಮ್ ಆಂಟಿಗೆ ಮಂಡಿನೋವು, ಅವರು ಈಗ ಕೆಳಗೇ ಇಳಿಯುವುದಿಲ್ಲ, ತರಕಾರಿ ತಾನು ತಂದುಕೊಡುತ್ತೇನೆ ಎಂದಳು. ಆ ಹೆಂಗಸು ಕೈಯಲ್ಲಿದ್ದ ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿದಳು. ಹೊರಡುವಾಗ ಅಮ್ಮನ ಕೈ ಹಿಡಿದು, ನಿಮ್ಮ ವೋಟು ನನಗೇ ಬರುತ್ತದೆಂದು ನಂಬಿದ್ದೇನೆ ಎಂದಳು.

‘ನೋ ವೋಟ್,’ ಎಂದಳು ಅಮ್ಮ. ‘ಐ ಆಮ್ ಪೀಆರ್.’ ಪರ್ಮನೆಂಟ್ ರೆಸಿಡೆಂಟ್, ಎಂದರೆ ಇಲ್ಲಿ ಕಾಯಂ ಇರಬಹುದು, ವೋಟು ಹಾಕುವಂತಿಲ್ಲ.

ತನ್ನ ಗೇಟಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಲಿಮ್ ಆಂಟಿ, ‘ಸ್ಟೇ ಹಿಯರ್ ಸೋ ಲಾಂಗ್, ಸ್ಟಿಲ್ ಕೆನಾಟ್ ವೋಟ್ ಆ?’ ಎಂದರು. ಅದರಲ್ಲಿ ಕೊಂಕಿರಲಿಲ್ಲ, ಬರೀ ಆಶ್ಚರ್ಯ. ಅಮ್ಮ ನಕ್ಕು ಒಳಗೆ ಹೋದಳು. ಸಾರಿಗೆ ಆ ದಿನ ಉಪ್ಪು ಹೆಚ್ಚಾಗಿತ್ತು.

ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದರು, ‘ನೀನು ಹೇಳು, ಯಾರಿಗೆ ಹಾಕ್ಲಿ? ನೀನು ಹೇಳಿದವ್ರಿಗೇ ಹಾಕ್ತೀನಿ.’

‘ನಿಮ್ಮ ವೋಟು. ನನ್ನನ್ನ ಯಾಕೆ ಕೇಳ್ತೀರಾ?’

‘ಈ ಮನೆಗೆ ಇರೋದು ಒಂದೇ ಅಲ್ವಾ. ಲಿಫ್ಟು, ಮೆಟ್ಲು, ಪಕ್ಕದ ಮನೆಯವ್ರು, ಎಲ್ಲ ಗೊತ್ತಿರೋದು ನಿಂಗೆ.’

ಅಮ್ಮ ಅನ್ನಕ್ಕೆ ಸಾರು ಹಾಕಿ ಕಲಸಿದಳು. ‘ಆ ಹೆಂಗಸು ಮೆಟ್ಲು ಹತ್ಕೊಂಡು ಬಂದ್ಲು’ ಎಂದಳು ಕೊನೆಗೆ. ಅಷ್ಟೇ. ಎಷ್ಟು ವರ್ಷ ಕಾದು ಕೈಗೆ ಬಂದದ್ದನ್ನು ಅಪ್ಪ ಅಮ್ಮನ ಮುಂದೆ ಹೀಗೆ ಇಟ್ಟುಬಿಟ್ಟರಲ್ಲ ಎಂದು ನನಗೆ ಆಗ ಅನಿಸಲಿಲ್ಲ. ನನಗೆ ಹಪ್ಪಳ ಮುಗಿದುಹೋಗುತ್ತದೆಂಬ ಚಿಂತೆ ಇತ್ತು.

ಮತದಾನದ ದಿನ ಮೂವರೂ ಹೊರಟೆವು. ಅಪ್ಪ ಹಬ್ಬಕ್ಕೆಂದು ಹೊಲಿಸಿದ್ದ ಅಂಗಿ ತೊಟ್ಟಿದ್ದರು. ಅಮ್ಮ ರೇಷ್ಮೆ ಅಲ್ಲದಿದ್ದರೂ ಒಳ್ಳೆಯ ಸೀರೆ ಉಟ್ಟಿದ್ದಳು. ಲಿಮ್ ಆಂಟಿ ಅಮ್ಮನ ತೋಳು ಹಿಡಿದುಕೊಂಡು ಐದನೆಯ ಮಹಡಿಯವರೆಗೆ ಒಂದೊಂದೇ ಮೆಟ್ಟಿಲು ಇಳಿದರು. ನನ್ನ ಹಳೆಯ ಪ್ರೈಮರಿ ಸ್ಕೂಲೇ ಮತಗಟ್ಟೆ. ಅಪ್ಪನೂ ಆಂಟಿಯೂ ಒಳಗೆ ಹೋದರು. ಅಮ್ಮ, ನಾನು ಗೇಟಿನಾಚೆ ಮಳೆಮರದ ಕೆಳಗೆ ನಿಂತೆವು. ಬಿಸಿಲೇರುತ್ತಿತ್ತು. ಆಂಟಿ ಬೇಗ ಬಂದರು. ಅಪ್ಪ ಬರುವುದು ತಡವಾಯಿತು. ಬಂದಾಗ ಅವರ ಮುಖದಲ್ಲಿ ನಾನು ಎಣಿಸಿದ್ದ ಸಂತೋಷ ಇರಲಿಲ್ಲ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಿ ಬಂದವರಂತಿದ್ದರು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಿದ್ದಕ್ಕೆ, ‘ಅದನ್ನ ಕೇಳ್ಬಾರ್ದು ಪುಟ್ಟಿ’ ಎಂದರು. ಅಮ್ಮ ಕೇಳಲಿಲ್ಲ. ಹಾಕರ್ ಸೆಂಟರಿನ ತಿಂಡಿ ಅಂಗಡಿಯೊಂದರಲ್ಲಿ ಎಲ್ಲರೂ ಕಾಫಿ ಕುಡಿದು ಮನೆಗೆ ಬಂದೆವು.

ಆ ಹೆಂಗಸು ಸೋತಳು, ಲೆಕ್ಚರರ್ ಗೆದ್ದರು. ಕೆಲವು ವರ್ಷಗಳಲ್ಲಿ ಊರಿನ ಹಳೆಯ ಬ್ಲಾಕುಗಳಿಗೆಲ್ಲ ಹೊಸ ಲಿಫ್ಟು ಬಂದಂತೆ ನಮ್ಮದಕ್ಕೂ ಬಂತು, ಏಳರಲ್ಲೂ ನಿಂತಿತು. ಅಷ್ಟರಲ್ಲಿ ಲಿಮ್ ಆಂಟಿ ಮಗಳ ಮನೆ ಸೇರಿದ್ದರು. ಮೈಸೂರಿನಲ್ಲಿ ಅಜ್ಜಿ ಹೋದಾಗ ಅಮ್ಮ ಯಾರನ್ನೂ ಏನೂ ಕೇಳದೆ ಅಂದೇ ವಿಮಾನ ಹತ್ತಿದಳು, ಮುಖ ನೋಡಿದಳು. ಆಮೇಲೆ ಸರ್ಕಾರದವರು ಬ್ಲಾಕನ್ನೇ ಕೆಡವುತ್ತೇವೆಂದರು. ನಾವು ಪಾಸಿರ್ ರಿಸ್‌ಗೆ ಶಿಫ್ಟ್ ಆದೆವು. ಮನೆ ಬಿಟ್ಟು ಹೋಗುವ ನೋವು ಏನೆಂದು ನಿಮಗೂ ಗೊತ್ತಿರಬಹುದು. ಆದರೆ ನಿಂತಿದ್ದ ನೆಲ ಹಾಗೇ ಇದ್ದು, ಮಲಗುತ್ತಿದ್ದ ಕೋಣೆಯ ಜಾಗದಲ್ಲಿ, ಅಷ್ಟು ಎತ್ತರದಲ್ಲಿ, ಬರೀ ಆಕಾಶ ಕಾಣುವುದು ಬೇರೆಯದೇ ಅನುಭವ. ಅಪ್ಪ ಒಮ್ಮೆ ಹೋಗಿ ನೋಡಿ ಬಂದರು. ಮತ್ತೆ ಹೋಗಲಿಲ್ಲ. ನಡುವೆ ಬಂದ ಚುನಾವಣೆಯಲ್ಲಿ ನಮ್ಮ ಕಡೆ ಮತ್ತೆ ಸ್ಪರ್ಧೆ ಇರಲಿಲ್ಲ. ಮುಂದಿನದಕ್ಕೆ ಮೊದಲೇ, ಒಂದು ಮಧ್ಯಾಹ್ನ ಪೇಪರ್ ಓದುತ್ತ ಕೂತಲ್ಲೇ ಹೋದರು. ಇಲ್ಲಿ ಅವರು ಹಾಕಿದ್ದು ಆ ಒಂದೇ ವೋಟು.

ವರ್ಷ ಕಳೆದ ಮೇಲೆ ಅಮ್ಮ ಪೌರತ್ವಕ್ಕೆ ಅರ್ಜಿ ಹಾಕಿದಳು. ನಾನು ಏನೂ ಹೇಳಿರಲಿಲ್ಲ. ‘ಅವರನ್ನ ಸುಟ್ಟಿರೋದು ಇಲ್ಲಿ. ಇನ್ನು ನಾನು ಯಾವ ಊರವಳು ಅಂತ ಹೇಳ್ಕೊಳ್ಲಿ?’ ಎಂದಳು. ಅವಳು ಮೊದಲ ಸಲ ವೋಟು ಹಾಕುವ ಹಿಂದಿನ ಸಂಜೆ, ಹುರುಳಿಕಾಯಿ ಬಿಡಿಸುತ್ತ, ನಾನು ಕೇಳದೆಯೇ ಹಳೆಯ ಮಾತು ತೆಗೆದಳು.

‘ನಿಮ್ಮಪ್ಪ ಅವತ್ತು ನನ್ನ ಮಾತಿನಂತೆ ಹಾಕ್ಲಿಲ್ಲ, ಗೊತ್ತಾ? ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಆಮೇಲೆ ಹೇಳಿದ್ರು. ಪೆನ್ನು ಹಿಡ್ಕೊಂಡು ನಿಂತೇ ಇದ್ದೆ, ನೀನು ಹೇಳಿದ ಕಡೆ ಕೈ ಹೋಗ್ಲಿಲ್ಲ ಕಣೇ ಅಂದ್ರು. ಕಣ್ಣಲ್ಲಿ ನೀರು.’

‘ನೀನೇನಂದೆ?’

‘ಒಳ್ಳೇದಾಯ್ತು ಅಂದೆ. ಅಷ್ಟು ವರ್ಷ ಕಾದಿದ್ದು ಅವರು. ನನಗೋಸ್ಕರ ಹಾಕಿ ಬಂದಿದ್ರೆ ನಾನು ಅದನ್ನ ಎಲ್ಲಿ ಇಟ್ಕೊಳ್ಲಿ?’ ಎಂದಳು. ನಾರು ತೆಗೆದು ಪಕ್ಕಕ್ಕಿಟ್ಟಳು.

ಅಮ್ಮನೂ ಈಗಿಲ್ಲ. ಹಳೆಯ ಬ್ಲಾಕಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ, ಸುತ್ತ ಬೇಲಿ ಹಾಕಿದ್ದಾರೆ. ಗಡಿಗಳನ್ನು ಮತ್ತೆ ಎಳೆದಾಗ ಆ ಪುಟ್ಟ ಕ್ಷೇತ್ರವನ್ನು ದೊಡ್ಡದೊಂದಕ್ಕೆ ಸೇರಿಸಿಬಿಟ್ಟರು. ಅದರ ಹೆಸರೂ ನಕ್ಷೆಯಲ್ಲಿ ಉಳಿದಿಲ್ಲ. ಈ ಸಲ ಮತದಾನಕ್ಕೆ ನಮ್ಮ ಬ್ಲಾಕಿನ ಹತ್ತಿರದ ಸ್ಕೂಲಿಗೆ ನಾನು ಮೊದಲ ಬಾರಿಗೆ ಒಬ್ಬಳೇ ಹೋದೆ. ಸಾಲು ಸಣ್ಣದಿತ್ತು, ಫ್ಯಾನುಗಳು ತಿರುಗುತ್ತಿದ್ದವು. ಮೇಜಿನ ಹಿಂದೆ ಕೂತಿದ್ದ ಚೀನೀ ಹುಡುಗಿ ನನ್ನ ಕಾರ್ಡು ನೋಡಿ, ನಿಯಮದಂತೆ, ಎಲ್ಲರಿಗೂ ಕೇಳುವ ಹಾಗೆ ಹೆಸರನ್ನು ಓದಿದಳು. ಇಲ್ಲಿ ನಮ್ಮಂಥವರ ಹೆಸರಿನ ಜೊತೆಗೆ ತಂದೆಯ ಹೆಸರೂ ಇರುತ್ತದೆ. ಅಕ್ಷರಗಳ ಮೇಲೆ ಎಡವುತ್ತ, ಪೂರ್ತಿ ಓದಿದಳು. ‘ವಸುಧಾ, ಡಾಟರ್ ಆಫ್ ಶ್ರೀನಿವಾಸ ಮೂರ್ತಿ.’ ಎಷ್ಟೋ ವರ್ಷಗಳಿಂದ ಯಾರ ಬಾಯಲ್ಲೂ ಕೇಳದಿದ್ದ ಹೆಸರು ಆ ಸ್ಕೂಲಿನ ಹಾಲಿನಲ್ಲಿ ಒಂದು ಕ್ಷಣ ನಿಂತಿತು. ಹಿಂದಿದ್ದವರು ಮುಂದೆ ಬಂದರು. ನಾನು ಮತಪತ್ರ ತೆಗೆದುಕೊಂಡು ಒಳಗೆ ನಡೆದೆ.