ಕಾಂತರಾಜುವಿನ ಸಿಡಿದ ಕಲ್ಲು

ಘಾಟಿ ದೇವಸ್ಥಾನದಿಂದ ಬಸ್ಸು ನಿಲ್ಲುವ ಕಡೆಗೆ ಬರುವ ದಾರಿಯಲ್ಲಿ ಕಾಂತರಾಜುವಿನ ಅಂಗಡಿ. ಅರಿಸಿನ ಕುಂಕುಮ, ಕರಿದಾರ, ಹಿತ್ತಾಳೆಯ ನಾಗರ ಹೆಡೆ, ಮಕ್ಕಳ ಪೀಪಿ, ಹೀಗೆ ಸಾಲಿನ ಎಲ್ಲ ಅಂಗಡಿಯಲ್ಲೂ ಇರುವುದೇ ಅವನಲ್ಲೂ ಇತ್ತು. ಬೇರೆಲ್ಲೂ ಸಿಗದ್ದು ಒಂದಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ತಟ್ಟೆಯಲ್ಲಿ, ಕೆಂಪು ಬಟ್ಟೆಯ ಮೇಲೆ ಹರಡಿಟ್ಟ ಬಾಣದ ಮೊನೆಗಳು. ಹೆಬ್ಬೆರಳಿನಷ್ಟು ಉದ್ದ, ಬೇವಿನೆಲೆಯ ಹಾಗೆ ಚೂಪು.

ಕೊರೊನಾ ಕಾಲದಲ್ಲಿ ದೇವಸ್ಥಾನದ ಬಾಗಿಲು ಹಾಕಿ, ಅಂಗಡಿಗೆ ನೊಣವೂ ಬಾರದಿದ್ದಾಗ ಕಲಿತ ವಿದ್ಯೆ ಅದು. ಮೊಬೈಲಿನಲ್ಲಿ ಯಾವನೋ ಗಡ್ಡದ ಪರದೇಶಿ ಕಾಡಿನೊಳಗೆ ಕೂತು ತುಟಿ ಬಿಚ್ಚದೆ ಕಲ್ಲು ಕೆತ್ತುತ್ತಿದ್ದ. ತುಟಿ ಬಿಚ್ಚದ್ದೇ ಒಳ್ಳೆಯದಾಯಿತು, ಬಿಚ್ಚಿದ್ದರೆ ಕಾಂತರಾಜುವಿಗೆ ಏನೂ ತಿಳಿಯುತ್ತಿರಲಿಲ್ಲ. ಸಲಕರಣೆಯೂ ಅಷ್ಟರಲ್ಲೇ ಇತ್ತು. ಹೊಡೆಯಲು ಅಂಗೈ ತುಂಬುವ ಒಂದು ಗುಂಡುಕಲ್ಲು, ಅಂಗೈಗೆ ಹಾಸಲು ಹಳೆಯ ಚಪ್ಪಲಿಯ ತೊಗಲು, ಒತ್ತಲು ಮರದ ಹಿಡಿಗೆ ಸಿಕ್ಕಿಸಿದ ದಪ್ಪ ತಾಮ್ರದ ತಂತಿ. ತಂತಿ ಕರೆಂಟಿನ ಕಂಬದ ಬುಡದ್ದು. ಅದು ಅವನ ಹಿತ್ತಲಿಗೆ ಹೇಗೆ ನಡೆದು ಬಂತು ಎಂದು ಯಾರೂ ಕೇಳಲಿಲ್ಲ.

ಹೊಲದ ಬದುವಿನ ಬೆಣಚುಕಲ್ಲಿಗೆ ಗುಂಡುಕಲ್ಲಿನಿಂದ ಓರೆಯಾಗಿ ಒಂದು ಏಟು ಬಿದ್ದರೆ ಚಕ್ಕೆ ಸಿಡಿಯುತ್ತದೆ. ಆ ಚಕ್ಕೆಯನ್ನು ತೊಗಲಿನ ಮೇಲಿಟ್ಟು, ಅಂಚಿಗೆ ತಾಮ್ರದ ಮೊನೆ ಊರಿ ಒತ್ತಿದರೆ ಟಿಕ್ಕೆಂದು ಒಂದು ಚೂರು ಹಾರುತ್ತದೆ. ತಿರುವಿ ಇನ್ನೊಂದು ಮಗ್ಗುಲು. ಮತ್ತೆ ತಿರುವಿ ಈ ಮಗ್ಗುಲು. ಕಡೆಗೆ ಬುಡದಲ್ಲಿ ದಾರ ಕಟ್ಟಲು ಎರಡು ಕಚ್ಚು. ಬೆಣಚುಕಲ್ಲು ಅತ್ತೆಮನೆಗೆ ಬಂದ ಅಳಿಯನಂತೆ, ಯಾವಾಗ ಮುನಿಸಿಕೊಂಡು ಎರಡಾಗುತ್ತದೋ ಹೇಳಲಾಗದು. ಬಿಯರ್ ಬಾಟಲಿಯ ತಳ ಹಾಗಲ್ಲ, ಹೇಳಿದ ಮಾತು ಕೇಳುತ್ತದೆ. ಹಾಗಾಗಿ ಬರಬರುತ್ತ ತಟ್ಟೆಯಲ್ಲಿ ಬಿಳಿಯದು ಕಡಿಮೆಯಾಗಿ ಕಂದು ಹೆಚ್ಚಿತು. ಬೈಕಿನಲ್ಲಿ ಬಂದ ಬೆಂಗಳೂರಿನ ಹುಡುಗರು, "ಗುರು, ಇದು ಒರಿಜಿನಲ್ಲಾ?" ಎಂದರೆ, "ಮಿಷಿನ್ನಿಂದಲ್ಲ ಸಾರ್, ಕೈಯಲ್ಲೇ ಮಾಡಿದ್ದು" ಎನ್ನುವನು. ಯಾರ ಕೈ ಎಂದು ಅವರು ಕೇಳರು, ಇವನು ಹೇಳನು. ಸುಳ್ಳಾಡಿದರೆ ವ್ಯಾಪಾರ ಬಾಳುವುದಿಲ್ಲ, ನಿಜವನ್ನು ಪೂರ್ತಿ ಆಡಿದರೆ ವ್ಯಾಪಾರ ಹುಟ್ಟುವುದೇ ಇಲ್ಲ. ಕಾಂತರಾಜು ಎರಡರ ನಡುವಿನ ಬದುವಿನ ಮೇಲೆ ಚೆನ್ನಾಗಿಯೇ ನಡೆದುಕೊಂಡಿದ್ದ.

ಅವನಿಗೆ ಭಯವಿದ್ದದ್ದು ಚೂರುಗಳದ್ದು. ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಕಾಣುತ್ತದೆ. ಹಿತ್ತಲಿನ ಮೂಲೆಯಲ್ಲಿ ಗೋಣಿಚೀಲ ಹಾಸಿ, ಕಣ್ಣಿಗೆ ಕನ್ನಡಕ, ಮೂಗಿಗೆ ಟವೆಲು ಕಟ್ಟಿಕೊಂಡೇ ಕೂರುತ್ತಿದ್ದ. ಎದ್ದಮೇಲೆ ಗೋಣಿಯನ್ನು ಮಡಿಸಿ ದೂರದ ಗುಂಡಿಗೆ ಕೊಡವಿ ಬರುತ್ತಿದ್ದ. ಹೋದ ವರ್ಷ ಒಂದು ಕೋಳಿ ಆ ಮೂಲೆಯಲ್ಲಿ ಕೆದಕಿ, ಎರಡು ದಿನ ಕತ್ತು ಇಳಿಬಿಟ್ಟುಕೊಂಡು ಕೂತು ಸತ್ತಿತು. ಯಾವುದರಿಂದ ಸತ್ತಿತೋ ಕೋಳಿಗೇ ಗೊತ್ತು. ಆದರೆ ಅವನ ಹೆಂಡತಿ ಮಮತ ಅದನ್ನು ಸಾರಿಗೆ ಹಾಕಲಿಲ್ಲ, ಹೂಳಿಸಿದಳು. ಅಂದಿನಿಂದ ಊಟದಲ್ಲಿ ಹಲ್ಲಿಗೆ ಮರಳು ಸಿಕ್ಕಿದರೂ ಕಾಂತರಾಜು ತುತ್ತು ಹಾಗೇ ಬಾಯಲ್ಲಿಟ್ಟುಕೊಂಡು ಬೆವರುತ್ತಿದ್ದ.

ಪಿಳ್ಳಮ್ಮ ಅಂಗಡಿಗೆ ಬಂದದ್ದು ಒಂದು ಭಾನುವಾರದ ನೂಕುನುಗ್ಗಲಿನಲ್ಲಿ. ಪಕ್ಕದ ಹಳ್ಳಿಯ ಮುದುಕಿ, ಮಗ ಮುನಿರಾಜ್ ದೊಡ್ಡಬಳ್ಳಾಪುರದ ಕಡೆ ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಕುಂಕುಮ ಕಟ್ಟಿಸಿಕೊಂಡು ತಟ್ಟೆಯ ಕಡೆ ಗದ್ದ ಎತ್ತಿದಳು.

"ಏನಪ್ಪಾ ಅದು?"

"ಸಿಡಿದ ಕಲ್ಲು, ಅಜ್ಜಿ."

ಕಲ್ಲಿನಿಂದ ಸಿಡಿದದ್ದು ಸಿಡಿದ ಕಲ್ಲು. ಇವನು ಆಡಿದ್ದು ಅಷ್ಟೆ. ಮುದುಕಿಯ ಕಿವಿಗೆ ಬಿದ್ದದ್ದು ಬೇರೆ.

"ಸಿಡಿಲ ಕಲ್ಲಾ? ನಮ್ಮಪ್ಪನ ಮನೇಲಿತ್ತು ಕಣಪ್ಪಾ. ಸಿಡಿಲು ಹೊಡೆದ ಜಾಗದಾಗೆ ಅಗೆದು ತಂದಿದ್ರು. ಬೆದರ್ಕೊಂಡ ಮಕ್ಳಿಗೆ ಅದ್ನ ತೇದು ನೆಕ್ಕಿಸೋರು." ಕೈ ಹಾಕಿ ಒಂದು ಕಂದು ಮೊನೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಸುಟ್ಟ ಬಣ್ಣ. ನೋಡಿಲ್ಲಿ, ನಾಗಪ್ಪನ ಹುರುಪೆ ಬೇರೆ ಮೂಡೈತೆ."

ಹುರುಪೆ ಎಂದು ಅವಳು ಕಂಡದ್ದು ಬಾಟಲಿಯ ತಳದ ಸಣ್ಣ ಸಣ್ಣ ಚುಕ್ಕೆಗಳನ್ನು, ಅವನ ತಾಮ್ರದ ಮೊನೆಗೆ ಸಿಗದೆ ಒಂದು ಅಂಚಿನಲ್ಲಿ ಉಳಿದುಬಿಟ್ಟವನ್ನು. ಕಾಂತರಾಜುವಿನ ಬಾಯಿ ತೆರೆಯಿತು. ಅಷ್ಟರಲ್ಲಿ ಇನ್ನೊಬ್ಬರು ಕರ್ಪೂರ ಕೇಳಿದರು. ತೆರೆದ ಬಾಯಿಗೆ ಕರ್ಪೂರದ ಬೆಲೆ ಬಂತು. ಗಿರಾಕಿಯೇ ಮಾಲನ್ನು ಹೊಗಳುವಾಗ ಅಡ್ಡ ಬಾಯಿ ಹಾಕುವುದು ಅಂಗಡಿಯವನ ಜಾತಕದಲ್ಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟ. ತೇಯುವ ಮಾತನ್ನು ಆಗಲೇ ಮರೆತ.

ಮಂಗಳವಾರ ಸಂಜೆ ಮಮತ ಡೈರಿಗೆ ಹಾಲು ಹಾಕಿ ಬಂದಳು. ಕ್ಯಾನನ್ನು ಕೆಳಗಿಡಲಿಲ್ಲ.

"ರೀ, ಪಿಳ್ಳಮ್ಮನಿಗೆ ಸಿಡಿಲುಗಲ್ಲು ಕೊಟ್ರಂತೆ?"

"ಯಾರು ಹೇಳಿದ್ದು?"

"ಡೈರೀಲಿ ಎಲ್ರೂ ಅದೇ ಮಾತು. ಮೊಮ್ಮಗಳು ನಿದ್ದೇಲಿ ಬೆಚ್ಚಿಬೀಳುತ್ತಂತೆ, ಇವತ್ತು ಮಂಗಳವಾರ ಅಂತ ತೇದು ನೆಕ್ಕಿಸ್ತಾಳಂತೆ. ಹಾಲಿನ ಜೊತೆ." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಬಿಳೀದು ಕೊಟ್ರಾ, ಕಂದುದಾ?"

ಅವನ ಕಣ್ಣು ಹಿತ್ತಲಿನ ಮೂಲೆಗೆ ಹೋಯಿತು. ಮಮತ ಕ್ಯಾನ್ ಇಟ್ಟಳು.

"ಫೋನ್ ಮಾಡ್ರಿ."

"ಯಾರ ನಂಬರ್ ಐತೆ ನನ್ಹತ್ರ?"

"ಹಂಗಾದ್ರೆ ನಿಂತ್ಕೊಂಡೇನ್ ಮಾಡ್ತಿದೀರಾ?"

ಮೊಪೆಡ್ಡು ಊರು ದಾಟುವಾಗ ಬಡಗಣ ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಗುಡುಗು ಬಾಯಿ ಬಿಡದೆ ಒಳಗೊಳಗೇ ಗೊಣಗುತ್ತಿತ್ತು. ಕಾಂತರಾಜು ಆಕ್ಸಿಲರೇಟರನ್ನು ಎಷ್ಟು ತಿರುವಿದರೂ ಗಾಡಿ ತನ್ನ ವಯಸ್ಸಿಗೆ ತಕ್ಕ ವೇಗದಲ್ಲೇ ಹೋಯಿತು. ಅವನ ತಲೆಯಲ್ಲಿ ಮಾತ್ರ ಸಾಣೆಕಲ್ಲು ತಿರುಗುತ್ತಿತ್ತು. ಹೊಸದಾಗಿ ಕೆತ್ತಿದ ಗಾಜಿನ ಅಂಚು, ಒಮ್ಮೆ ಬಟ್ಟೆಗೆ ಒರೆಸಿದರೂ ಬಟ್ಟೆಯಲ್ಲಿ ಹುಡಿ ಉಳಿಸುವಂಥದ್ದು. ಅದನ್ನು ಕಲ್ಲಿನ ಮೇಲಿಟ್ಟು ಮುದುಕಿ ಗಂಧ ತೇಯ್ದಂತೆ ತೇಯುವಳು. ಹುಡಿ ಹಾಲಿನಲ್ಲಿ ಬೆರೆತರೆ ಕಾಣುವುದಿಲ್ಲ. ಹಸುಗೂಸಿನ ನಾಲಿಗೆ. ಅದರ ಗಂಟಲು ಎಷ್ಟಗಲ ಇದ್ದೀತು? ಕತ್ತು ಇಳಿಬಿಟ್ಟು ಕೂತ ಕೋಳಿ ಕಣ್ಣ ಮುಂದೆ ಬಂತು. ಗಾಡಿ ಗುಂಡಿಗೆ ಇಳಿದು ಎದ್ದಿತು.

ನಡುನಡುವೆ ಇನ್ನೊಂದು ಭಯವೂ ತಲೆ ಹಾಕಿತು. ಮುನಿರಾಜ್ ಮನೆಯಲ್ಲಿದ್ದರೆ? ಅವನ ತೋಳು ಇವನ ತೊಡೆಯ ದಪ್ಪ. ಮಗುವಿಗೆ ಏನಾಗಿದೆಯೋ ತಿಳಿಯದಾಗ ತನ್ನ ಹಲ್ಲಿನ ಯೋಚನೆ ಮಾಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಹಲ್ಲಿನ ಯೋಚನೆ ಹೋಗಲಿಲ್ಲ.

ಪಿಳ್ಳಮ್ಮ ಜಗಲಿಯ ಮೇಲೆಯೇ ಇದ್ದಳು. ಮುಂದೆ ಸಾಣೆಕಲ್ಲು, ಪಕ್ಕದಲ್ಲಿ ಮಗುವಿಗೆ ಕುಡಿಸುವ ಒಳಲೆ, ಬೆರಳುಗಳ ನಡುವೆ ಕಂದು ಮೊನೆ. ಒಳಲೆಯಲ್ಲಿ ಹಾಲು.

"ಅಜ್ಜಿ, ಕೊಡ್ಬೇಡ. ಮಗೂಗೆ ಕೊಡ್ಬೇಡ."

"ಕಾಂತರಾಜನಾ? ಬಾರಪ್ಪ, ಕೂತ್ಕೊ. ಯಾಕಿಂಗೆ ಏದುಸಿರು ಬಿಡ್ತಿದ್ದೀಯಾ?"

"ಅದು ಸಿಡಿಲುಗಲ್ಲಲ್ಲ. ನಾನು ಮಾಡಿದ್ದು. ನನ್ನ ಕೈಯಾರೆ ಮಾಡಿದ್ದು."

ಮುದುಕಿ ಮೊನೆಯನ್ನು ಸೆರಗಿನ ಗಂಟಿಗೆ ಸೇರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಂತೆಯಲ್ಲಿ ಹಲ್ಲು ಎಣಿಸದೆ ಎತ್ತು ಕೊಳ್ಳದ ಮನೆತನದವಳು.

"ಯಾವನು ಬಂದಿದ್ದ ಅಂಗ್ಡಿಗೆ? ಜಾಸ್ತಿ ಕೊಡ್ತೀನಿ ಅಂದ್ನಾ? ಅದ್ಕೇ ವಾಪಸ್ ಕೇಳಾಕೆ ಬಂದ್ಯಾ?"

"ಯಾರೂ ಬಂದಿಲ್ಲ ಅಜ್ಜಿ. ದೇವ್ರಾಣೆ. ಅದು ಬಾಟ್ಲಿ. ಬಿಯರ್ ಬಾಟ್ಲಿ ತಳ."

"ಸಿಡಿಲು ಮಾಡೋದು ಕಲ್ತ್‌ಬಿಟ್ಯಾ ನೀನು? ಮಳೆ ಯಾವತ್ತು ಮಾಡ್ತೀಯಪ್ಪಾ, ರಾಗಿ ಬಿತ್ಬೇಕು."

ಇಷ್ಟು ವರ್ಷ ಅರೆನಿಜ ಹೇಳಿದಾಗಲೆಲ್ಲ ನಂಬಿದ ಲೋಕ, ಅವನು ಪೂರ್ತಿ ನಿಜ ಹೇಳಿದ ಮೊದಲ ದಿನವೇ ಹೀಗೆ ಕೈಕೊಟ್ಟಿತು. ಒಳಗಿನಿಂದ ಸೊಸೆ ಶಿಲ್ಪ ಬಾಗಿಲಿಗೆ ಬಂದು ನಿಂತಿದ್ದಳು. ಕಾಂತರಾಜು ಅವಳ ಕಡೆ ತಿರುಗಿ ಕೈಮುಗಿದ.

"ನೀನಾದ್ರೂ ಕೇಳಮ್ಮಾ. ಅದ್ರ ಅಂಚಲ್ಲಿ ಚುಕ್ಕೆ ಐತಲ್ಲ, ಅದು ಹುರುಪೆ ಅಲ್ಲ. ಬಾಟ್ಲಿ ತಳದಾಗಿರೋ ಚುಕ್ಕೆ. ಒಂದು ಬಾಟ್ಲಿ ಸಿಕ್ಕಿದ್ರೆ ತೋರಿಸ್ತೀನಿ."

"ನಮ್ಮನೇಲಿ ಎಲ್ಲಿ ಬರ್ಬೇಕು ಬಾಟ್ಲಿ?" ಎಂದಳು ಪಿಳ್ಳಮ್ಮ. "ನನ್ಮಗ ವಾಸ್ನೆ ಕೂಡ ನೋಡ್ದೋನಲ್ಲ."

ಶಿಲ್ಪ ಅತ್ತೆಯನ್ನೊಮ್ಮೆ ನೋಡಿದಳು. ಒಳಗೆ ಹೋಗಿ, ಹಿತ್ತಲ ಸೌದೆ ಒಟ್ಟಿಲಿನ ಹಿಂದಿನಿಂದ ಒಂದು ಬಾಟಲಿ ತಂದು ಜಗಲಿಯ ಮೇಲೆ ಬೋರಲಿಟ್ಟಳು. ತಳದ ಸುತ್ತ ಅದೇ ಚುಕ್ಕೆ, ಅದೇ ಸಾಲು, ಅದೇ ಕಂದು. ಪಿಳ್ಳಮ್ಮ ಗಂಟು ಬಿಚ್ಚಿ ಮೊನೆಯನ್ನು ಪಕ್ಕಕ್ಕೆ ಹಿಡಿದಳು. ಬಹಳ ಹೊತ್ತು ನೋಡಿದಳು. ಮಗನ ವಿಷಯ ಮೊದಲು ತಿಳಿಯಿತೋ ಕಲ್ಲಿನ ವಿಷಯವೋ, ಮುಖದಿಂದ ಹೇಳಲಾಗುತ್ತಿರಲಿಲ್ಲ. ಕಡೆಗೆ ಒಳಲೆಯ ಹಾಲನ್ನು ಅಂಗಳಕ್ಕೆ ಚೆಲ್ಲಿದಳು.

ಕಾಂತರಾಜು ಜಗಲಿಯಂಚಿಗೆ ಕೂತ. ಆಗ ಶಿಲ್ಪ ಮೆಲ್ಲಗೆ ಹೇಳಿದಳು.

"ಅತ್ತೆ, ಬೆಳಿಗ್ಗೆ ಒಂದ್ಸಲ ನೆಕ್ಕಿಸಿದ್ರಲ್ಲ."

ಕಾಂತರಾಜು ಮತ್ತೆ ಎದ್ದು ನಿಂತ.

"ಹೊಸ್ತಿಲು ಪೂಜೆ ಆದ್ಮೇಲೆ," ಎಂದಳು ಪಿಳ್ಳಮ್ಮ. ದನಿ ಬೇರೆಯಾಗಿತ್ತು. "ಬೆರಳ ತುದೀಲಿ. ಒಂದೇ ಚೂರು."

"ಮಗು ಎಲ್ಲಿ?" ಎಂದ ಕಾಂತರಾಜು.

"ಮಲಗೈತೆ. ಮಧ್ಯಾಹ್ನ ಒಂದ್ಸಲ ಹಾಲು ಕುಡೀತು, ಅರೆಕಣ್ಣಲ್ಲೇ. ಆಮೇಲೆ ಎದ್ದೇ ಇಲ್ಲ. ಬೆಚ್ಚೂ ಬಿದ್ದಿಲ್ಲ."

ಇದನ್ನು ಹೇಳುವಾಗ ಶಿಲ್ಪಳ ಮುಖ ಸುಣ್ಣವಾಯಿತು. ಸಂಜೆಯವರೆಗೂ ಮನೆಯಲ್ಲಿ ಕಲ್ಲಿನ ಮಹಿಮೆಯಾಗಿದ್ದ ಆ ನಿದ್ದೆ, ಈಗ ಯಾರಿಗೂ ನೋಡಲು ಧೈರ್ಯವಿಲ್ಲದಂಥದ್ದಾಯಿತು. ಮೂವರೂ ತೊಟ್ಟಿಲ ಬಳಿ ನಿಂತರು. ಮಗು ಸಿಂಚನ ಕೈ ಎರಡೂ ಮೇಲೆತ್ತಿ ಮಲಗಿತ್ತು. ಹೊಟ್ಟೆ ಏರಿ ಇಳಿಯುತ್ತಿತ್ತು. ಕಾಂತರಾಜು ಒಂದು ಏರಿಳಿತ ನೋಡಿ ಮುಂದಿನದಕ್ಕೆ ಕಾದ. ಅದು ಬಂತು. ಅದರ ಮುಂದಿನದು ತಡವಾದ ಹಾಗಿತ್ತು.

ಪಕ್ಕದ ಮನೆಯವನ ಆಟೋದಲ್ಲಿ ದೊಡ್ಡಬಳ್ಳಾಪುರಕ್ಕೆ ಹೊರಟರು. ದಾರಿಯಲ್ಲಿ ದಪ್ಪ ಹನಿ ಬೀಳತೊಡಗಿತು. ಒಂದು ಸಿಡಿಲು ಹತ್ತಿರದಲ್ಲೇ ಎಲ್ಲೋ ಹೊಡೆಯಿತು, ಆಟೋ ನಡುಗಿತು. ಮಗು ಮಿಸುಕಲಿಲ್ಲ. ಹಿಂದಿನ ವಾರವಾಗಿದ್ದರೆ ಅದು ಪಾತ್ರೆ ಬಿದ್ದ ಸದ್ದಿಗೇ ಚೀರುತ್ತಿತ್ತಂತೆ. ಶಿಲ್ಪ ಅದರ ಕೆನ್ನೆ ತಟ್ಟಿದಳು, ಅಂಗಾಲು ಉಜ್ಜಿದಳು. "ಎದ್ದೇಳೇ, ಎದ್ದೇಳೇ" ಎಂದು ಪಿಳ್ಳಮ್ಮ ಗೊಣಗುತ್ತಲೇ ಇದ್ದಳು. ಡ್ರೈವರ್ ಪಕ್ಕ ಅರ್ಧ ಕುಂಡಿ ಊರಿ ಕೂತಿದ್ದ ಕಾಂತರಾಜು ಹಿಂದೆ ತಿರುಗಿ ನೋಡಲಿಲ್ಲ. ಹರಕೆ ಹೊರೋಣವೆಂದುಕೊಂಡ. ದೇವರ ಬಾಗಿಲಲ್ಲೇ ಬಾಟಲಿ ಮಾರಿದವನು ಯಾವ ಬಾಯಲ್ಲಿ ಹೊರುವುದು ಎಂದು ಅದನ್ನೂ ಬಿಟ್ಟ.

ಮಕ್ಕಳ ಡಾಕ್ಟರಮ್ಮ ಟಾರ್ಚು ಹಾಕಿ ಬಾಯಿ ಬಿಡಿಸಿದರು. ನಾಲಿಗೆ ಎತ್ತಿ ನೋಡಿದರು, ವಸಡು ಸವರಿದರು, ಹೊಟ್ಟೆ ಒತ್ತಿದರು. ಒತ್ತಿದ್ದಕ್ಕೆ ಸಿಂಚನ ಕಣ್ಣು ಬಿಟ್ಟು, ಅವರನ್ನು ದಿಟ್ಟಿಸಿ, ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತಿತು.

"ಬಾಯಲ್ಲಿ ಗಾಯ ಇಲ್ಲ. ಹಾಲು ಕುಡಿಸಿ. ಎರಡು ದಿನ ಮಲ ನೋಡ್ತಾ ಇರಿ. ರಕ್ತ ಕಂಡ್ರೆ, ವಾಂತಿಯಾದ್ರೆ, ತಕ್ಷಣ ಕರ್ಕೊಂಡ್ ಬನ್ನಿ." ಆಮೇಲೆ ಮೂವರನ್ನೂ ಸಾಲಾಗಿ ನೋಡಿದರು. "ಯಾರು ನೆಕ್ಸಿದ್ದು?"

"ನಾನೇ ತಾಯಿ," ಎಂದಳು ಪಿಳ್ಳಮ್ಮ.

"ಕೊಟ್ಟಿದ್ದು ಯಾರು?"

ಕಾಂತರಾಜು ಬೆರಳೆತ್ತಿದ, ಮೇಷ್ಟರ ಮುಂದೆ ನಿಂತವನ ಹಾಗೆ. ಡಾಕ್ಟರಮ್ಮ ಬೈದದ್ದು ಅವನಿಗೆ ಅರ್ಧ ಮಾತ್ರ ಕೇಳಿಸಿತು. ಮಗು ಇನ್ನೂ ಅಳುತ್ತಿತ್ತು.

ಆ ಎರಡು ದಿನ ಅವನು ಅಂಗಡಿಯಲ್ಲಿ ಕೂತಿದ್ದ, ಅಷ್ಟೆ. ಕುಂಕುಮ ಕೇಳಿದವರಿಗೆ ಅರಿಸಿನ ಕಟ್ಟಿದ. ಹೊತ್ತಾರೆ ಒಂದು ಸಲ, ಸಂಜೆ ಒಂದು ಸಲ ಪಿಳ್ಳಮ್ಮನ ಮನೆಗೆ ಹೋಗಿ ಬೇಲಿಯ ಹತ್ತಿರವೇ ನಿಲ್ಲುವನು. ಶಿಲ್ಪ ಮಗುವಿನ ಬಟ್ಟೆ ಒಗೆಯುವ ಮೊದಲು ಬಿಡಿಸಿ ನೋಡಿ, ದೂರದಿಂದಲೇ ಇಲ್ಲ ಎಂದು ತಲೆಯಾಡಿಸುವಳು. ಮುನಿರಾಜ್ ಎದುರಿಗೆ ಸಿಕ್ಕಿದ. ಹೊಡೆಯಲಿಲ್ಲ. ಬಾಟಲಿಯ ವಿಷಯ ಹೊರಬಿದ್ದ ಮೇಲೆ ಅವನು ಯಾರ ಮೇಲೂ ಕೈಯೆತ್ತುವ ಸ್ಥಿತಿಯಲ್ಲಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೋದಾಗ ಪಿಳ್ಳಮ್ಮ ತಾನೇ ಬೇಲಿಗೆ ಬಂದಳು. ಹಿಂದೆ ಇಬ್ಬರು ಹೆಂಗಸರು, ಒಬ್ಬಳ ಕಂಕುಳಲ್ಲಿ ಕೂಸು.

"ಮಗು ಸಂದಾಗೈತೆ ಕಣಪ್ಪಾ. ಮೂರು ರಾತ್ರಿ ಬೆಚ್ಚಿಲ್ಲ," ಎಂದು, ಹಿಂದೆ ತಿರುಗಿ, "ಇವ್ನೇ ಕಣಮ್ಮ, ಕಲ್ಲು ಕೊಟ್ಟೋನು" ಎಂದಳು.

"ಅಜ್ಜಿ, ಅದು ಬಾಟ್ಲಿ. ನೀನೇ ಕಣ್ಣಾರೆ ನೋಡಿದ್ಯಲ್ಲ."

"ನೋಡ್ದೆ, ಇಲ್ಲ ಅಂದ್ನಾ? ಬಾಟ್ಲಿಗೆ ಸಿಡಿಲು ಹೊಡೀಬಾರ್ದು ಅಂತ ಎಲ್ಲೈತೆ?"

ಕೂಸಿನ ತಾಯಿ ಒಂದು ಹೆಜ್ಜೆ ಮುಂದೆ ಬಂದಳು. "ಅಣ್ಣಾ, ನಮ್ದೂ ರಾತ್ರಿಯೆಲ್ಲ ಬೆದರ್ಕೊಂತದೆ."

ಕಾಂತರಾಜು ಗಾಡಿ ತಿರುಗಿಸಿದ. ಅಂಗಡಿಗೆ ಬಂದು ತಟ್ಟೆಯನ್ನು ಬಟ್ಟೆ ಸಮೇತ ಗಂಟು ಕಟ್ಟಿ, ಷಟರ್ ಎಳೆದು, ಮನೆಯ ಹಿತ್ತಲಿಗೆ ಹೋಗಿ ಗುದ್ದಲಿ ಹಿಡಿದ. ಮೊಣಕಾಲುದ್ದ ತೋಡಿದಮೇಲೆ ನಿಂತ. ಕೋಳಿ ಇಷ್ಟು ಕೆದಕದು, ಆದರೆ ಮುಂದೊಂದು ದಿನ ಟ್ರ್ಯಾಕ್ಟರಿನ ನೇಗಿಲು ಬಂದರೆ? ಜೆಸಿಬಿ ಬಂದರೆ? ಮಣ್ಣಿನಿಂದ ಮೇಲೆದ್ದದ್ದನ್ನು ಯಾವ ಅಜ್ಜಿ ತಾನೆ ಬಾಟಲಿ ಎಂದಾಳು? ಮತ್ತೆ ಗುದ್ದಲಿ ಎತ್ತಿದ. ಗುಂಡಿ ಸೊಂಟಕ್ಕೆ ಬಂತು.

ಮಮತ ಬಾಗಿಲಲ್ಲಿ ನಿಂತು ನೋಡಿ, "ಸಾಕಲ್ವೇನ್ರಿ?" ಎಂದಳು.

ಎಷ್ಟು ಆಳವಾದರೆ ಸಾಕು ಎಂದು ಅವನಿಗೆ ತಿಳಿದಿರಲಿಲ್ಲ. ತೋಡುತ್ತಲೇ ಇದ್ದ.